ಆಗಮನ ಕಾಲದಲ್ಲಿ ಆಡದ ಮಾತು

"ಅಷ್ಟೂ ಯಾಕೆ ಹಚ್ಚಿದ್ರಿ?"

ಬಾಗಿಲಲ್ಲಿ ಕೇಳಿದ ಗಂಡು ದನಿಗೆ ರಾಧಾಮಣಿ ಬೆಚ್ಚಿದಳು. ಕೈಯಲ್ಲಿದ್ದ ಬೆಂಕಿಕಡ್ಡಿ ಬೆರಳು ಸುಟ್ಟಿತು.

ಪಾವಗಡದ ಶಾಲೆಗೆ ಟೀಚರಾಗಿ ಸೇರಿದ ಅವಳು ಆ ಮನೆಯ ಮಹಡಿಗೆ ಬಾಡಿಗೆಗೆ ಬಂದು ಒಂದು ವಾರವೂ ಆಗಿರಲಿಲ್ಲ. ಕರೆಂಟು ಹೋಗಿ ಕೆಳಗಿನ ಮನೆಯ ಮಕ್ಕಳು ಕಿರುಚಿದ್ದು ಕೇಳಿ ಓಡಿ ಬಂದಿದ್ದಳು. ತಟ್ಟೆಯೊಂದರಲ್ಲಿ ಸರ್ವೆ ಸೊಪ್ಪಿನ ಸುತ್ತು, ನಡುವೆ ನಾಲ್ಕು ಮೇಣದಬತ್ತಿ ಕಂಡವು. ಅವತ್ತು ಕಾರ್ತಿಕದ ಕಡೇ ದಿನ. ಮಧುಗಿರಿಯ ಅವಳ ಮನೆಯಲ್ಲಿ ಹೊಸಿಲಿನಿಂದ ತುಳಸಿಕಟ್ಟೆಯವರೆಗೆ ಒಂದು ಹಣತೆಯನ್ನೂ ಬಿಡದೆ ಹಚ್ಚುತ್ತಾರೆ. ಅದೇ ಅಭ್ಯಾಸದಲ್ಲಿ ನಾಲ್ಕನ್ನೂ ಹಚ್ಚಿಬಿಟ್ಟಿದ್ದಳು.

"ಇವತ್ತು ಒಂದೇ ಹಚ್ಚೋದು ಮಿಸ್," ಎಂದಳು ಪುಟ್ಟ ಸೆಲೀನಾ. "ವಾರಕ್ಕೊಂದು. ಯೇಸುಸ್ವಾಮಿ ಹುಟ್ಟೋಗಂಟ ಕಾಯ್ಬೇಕು."

ರಾಧಾಮಣಿಯ ಮುಖ ಸಣ್ಣದಾಯಿತು. ಬೇರೆಯವರ ಮನೆಯ ದೇವರ ಮುಂದೆ ಎಂಥ ಕೆಲಸ ಮಾಡಿಬಿಟ್ಟೆ...! ಬಾಗಿಲಲ್ಲಿದ್ದವನು ಒಳಗೆ ಬಂದು, ಆರಿಸಲು ಬಗ್ಗಿ, ಅವಳ ಮುಖ ನೋಡಿ ಹಾಗೇ ನಿಂತ.

"ಇರ್ಲಿ ಬುಡಿ. ಮಕ್ಕಳಿಗೆ ಬೆಳಕಾಯ್ತು."

ಅಷ್ಟೇ ಮಾತು. ಆದರೆ ಇಬ್ಬರೂ ನೋಡಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿಕೊಂಡರು.

ಅವನು ಅಂತೋಣಿ, ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್. ಅಣ್ಣ ಅತ್ತಿಗೆ ಅಪಘಾತದಲ್ಲಿ ತೀರಿಹೋದ ಮೇಲೆ ಅವರ ಮಕ್ಕಳಾದ ಸೆಲೀನಾ, ಜೋಯಲ್ ಇಬ್ಬರನ್ನೂ ತಾಯಿ ಆರೋಗ್ಯಮ್ಮನ ಜೊತೆ ಸೇರಿ ಸಾಕುತ್ತಿದ್ದ.

ಮರುದಿನ ಮಕ್ಕಳೇ ಬಂದು ರಾಧಾಮಣಿಯ ಕೈಹಿಡಿದು ಕೆಳಗೆ ಎಳೆದುಕೊಂಡು ಹೋದರು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ಅವರಿಗೆ ಆಗಮನ ಕಾಲ. ಸಂಜೆ ಬತ್ತಿ ಹಚ್ಚಿ ಸಣ್ಣದೊಂದು ಪ್ರಾರ್ಥನೆ. ಅವತ್ತು ಒಳ್ಳೆಯ ಕೆಲಸ ಮಾಡಿದ ಮಗು ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಯ, ಖಾಲಿ ತೊಟ್ಟಿಲಿಗೆ ಒಂದೆಳೆ ಹುಲ್ಲು ಹಾಕಬೇಕು, ಹುಟ್ಟುವ ಕೂಸಿಗೆ ಹಾಸಿಗೆ ಮೆತ್ತಗಿರಬೇಕಲ್ಲ! ಜೋಯಲ್ ಅಕ್ಕನ ಪೆನ್ಸಿಲ್ ತಾನೇ ಬಚ್ಚಿಟ್ಟು, ತಾನೇ ಹುಡುಕಿಕೊಟ್ಟು, ಹುಲ್ಲು ಹಿಡಿದು ಬರುತ್ತಿದ್ದ. ಗೋದಲಿಯ ಸುತ್ತ ಹಸಿರು ಬರಲೆಂದು ತೆಂಗಿನ ಚಿಪ್ಪಿನಲ್ಲಿ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿ, ಮೊಳಕೆ ಬಂತಾ ಎಂದು ಬಗ್ಗಿ ನೋಡುವುದು. ಹತ್ತು ರೂಪಾಯಿ ಖರ್ಚಿಲ್ಲದ ಸಂಭ್ರಮ ಅದು.

ಆ ಮನೆ ಅವಳಿಗೆ ರುಚಿ ಹತ್ತಿದ್ದು ಹಾಗೆ. ಹಬ್ಬ ಮುಗಿದರೂ ಅವಳು ಕೆಳಗಿಳಿದು ಬರುವುದು ನಿಲ್ಲಲಿಲ್ಲ. ಮಕ್ಕಳಿಗೆ ಪಾಠ, ಆರೋಗ್ಯಮ್ಮನ ಕೈಯ ಉಪ್ಸಾರು, ಅಂತೋಣಿಯ ಜೊತೆ ಮೆಟ್ಟಿಲ ಮೇಲೆ ಮಾತು... ವರ್ಷ ಕಳೆದದ್ದೇ ತಿಳಿಯಲಿಲ್ಲ.

ಈ ನವೆಂಬರಿನಲ್ಲಿ ಒಂದು ಸಂಜೆ ಅವನು, ನಿಮ್ಮ ಹತ್ತಿರ ಒಂದು ಮುಖ್ಯವಾದ ಮಾತು ಆಡಬೇಕು ಮಿಸ್ ಎಂದಿದ್ದ. ಅಷ್ಟರಲ್ಲಿ ಜೋಯಲ್ ಮಂಡಿ ತರಚಿಕೊಂಡು ಅಳುತ್ತಾ ಬಂದ. ಮಾತು ಅಲ್ಲಿಗೇ ನಿಂತಿತು. ಆಗಮನ ಕಾಲ ಶುರುವಾದ ಮೇಲಂತೂ ಅವನು ಬಾಯಿಗೆ ಬೀಗ ಹಾಕಿಕೊಂಡ. ಅವಳು ಬಂದರೆ ಏನೋ ಕೆಲಸ ನೆನಪಾದವನಂತೆ ಎದ್ದು ಹೋಗುತ್ತಿದ್ದ.

ಅದೇ ಸಮಯಕ್ಕೆ ಮಧುಗಿರಿಯಿಂದ ಅಪ್ಪ ಚಂದ್ರಶೇಖರಯ್ಯನವರ ಫೋನು. ಶಿರಾದ ಕಡಲೆಕಾಯಿ ವ್ಯಾಪಾರಿಯ ಮಗ, ಒಳ್ಳೇ ಸಂಬಂಧ. ಭಾನುವಾರ ನೋಡಲು ಬರುತ್ತಾರೆ, ಒಪ್ಪಿಗೆಯಾದರೆ ಅವತ್ತೇ ತಾಂಬೂಲ. ಮಂಗಳವಾರದಿಂದ ಧನುರ್ಮಾಸ, ಆಮೇಲೆ ಶುಭಕಾರ್ಯ ಮಾಡುವಂತಿಲ್ಲ ಎಂದು ಅವರಿಗೆ ಅವಸರ.

ಅವಳು ಅದನ್ನು ಬೇಕೆಂದೇ ಅಂತೋಣಿಯ ಮುಂದೆ ಹೇಳಿದಳು. ಅವನು ಸ್ಕ್ರೂಡ್ರೈವರ್ ಹಿಡಿದು ಸ್ವಿಚ್ಚು ಬಿಚ್ಚುತ್ತಿದ್ದ. ಮುಖ ತಿರುಗಿಸದೆ "ಹೌದಾ" ಎಂದ, ಅಷ್ಟೇ. ಮೌನ ಸಮ್ಮತಿ ಲಕ್ಷಣ ಎನ್ನುತ್ತಾರೆ. ಯಾವುದಕ್ಕೆ ಸಮ್ಮತಿ ಎಂದು ಹೇಳುವವರು ಯಾರು!

ಅವತ್ತಿನಿಂದ ರಾಧಾಮಣಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ತರಗತಿಯಲ್ಲಿ ಕೊಟ್ಟ ಲೆಕ್ಕವನ್ನೇ ಮತ್ತೆ ಕೊಟ್ಟಳು. ಬಾಲ ಸುಟ್ಟ ಬೆಕ್ಕಿನ ಹಾಗೆ ಮಹಡಿಯ ಮೇಲೆ ಓಡಾಡಿದಳು. ಅವನಿಗೆ ನಾನು ಬರೀ ಮಕ್ಕಳ ಮಿಸ್ಸಾ? ಧರ್ಮ ಬೇರೆ ಅಂತ ಹಿಂಜರಿದನಾ? ಹಾಗಾದರೆ ಅದನ್ನಾದರೂ ಹೇಳಬಾರದೇ...!

ಶನಿವಾರ ಮಧ್ಯಾಹ್ನ ಬ್ಯಾಗು ಹಿಡಿದು ಕೆಳಗಿಳಿದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಆರೋಗ್ಯಮ್ಮ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಕ್ಕಳು ಗೋದಲಿಗೆಂದು ರಟ್ಟು ಕತ್ತರಿಸುತ್ತಿದ್ದರು. ಅಂತೋಣಿ ಎದ್ದು ನಿಂತ.

ಹೋಗಿಬರುತ್ತೇನೆ ಎನ್ನಲು ಬಂದವಳು ಬ್ಯಾಗು ಕೆಳಗಿಟ್ಟಳು. ಕಣ್ಣು ತುಂಬಿತು. ಇನ್ನು ನಾಚಿಕೆ ಪಟ್ಟು ಬರುವುದೇನಿದೆ ಎನಿಸಿತು.

"ನಾಳೆ ನನ್ನ ತಾಂಬೂಲ. ನೀವು ಏನೂ ಹೇಳೋದಿಲ್ವಾ?"

ಅವನು ತಲೆ ತಗ್ಗಿಸಿದ. "ಹಬ್ಬ ಆಗ್ಲಿ ಅಂತ ಕಾಯ್ತಿದ್ದೆ."

"ಯಾಕೆ?"

"ಆಗಮನ ಕಾಲ್ದಾಗೆ ಮದ್ವೆ ಮಾತು ಎತ್ಬಾರ್ದು ಅಂತ ಅವ್ವ ಹೇಳ್ತಿತ್ತು. ಅದುಕ್ಕೆ..."

ಆರೋಗ್ಯಮ್ಮನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. "ಮದ್ವೆ ಮಾಡಬಾರ್ದು ಅಂದಿದ್ದೆ ಕಣ್ಲಾ. ಬಾಯಿ ಬುಡಬಾರ್ದು ಅಂದಿದ್ನಾ?"

ಅಂತೋಣಿ ಪೆಚ್ಚಾದ. ಸೆಲೀನಾ ಕತ್ತರಿ ಕೆಳಗಿಟ್ಟು ಇಬ್ಬರನ್ನೂ ನೋಡಿದಳು.

ರಾಧಾಮಣಿ ನಕ್ಕಳೋ ಅತ್ತಳೋ, ಅವಳಿಗೇ ಗೊತ್ತಾಗಲಿಲ್ಲ. ಒಂದು ಕಡೆ ತಿಂಗಳು ಹುಟ್ಟುವ ಮೊದಲೇ ಮುಗಿಸಬೇಕೆಂದು ಓಡುತ್ತಿರುವ ಅಪ್ಪ, ಇನ್ನೊಂದು ಕಡೆ ತಿಂಗಳು ಕಳೆಯಲೆಂದು ಕೂತಿರುವ ಇವನು. ನಡುವೆ ಸಿಕ್ಕಿ ಸವೆದದ್ದು ಅವಳ ಜೀವ!

ಅವನು ಹತ್ತಿರ ಬಂದ. ವರ್ಷದಿಂದ ಮಿಸ್ ಎಂದೇ ಕರೆದವನು ಮೊದಲ ಸಲ ಹೆಸರು ಹಿಡಿದ.

"ರಾಧಾ, ನೀನಂದ್ರೆ ನಂಗೆ ಪ್ರಾಣ. ನನ್ನ ಮದ್ವೆ ಆಗ್ತೀಯಾ?"

ಅವಳು ಉತ್ತರ ಕೊಡುವ ಬದಲು ಅಲ್ಲೇ ನಿಂತು ಅಪ್ಪನಿಗೆ ಫೋನು ಮಾಡಿದಳು. ಎಲ್ಲ ಹೇಳಿದಳು. ಹುಡುಗ ಕ್ರೈಸ್ತ, ಮನೆಯಲ್ಲಿ ಎರಡು ಮಕ್ಕಳಿವೆ, ನನಗೆ ಇವನೇ ಬೇಕು. ಅಪ್ಪ ಕೋಪಿಸಿಕೊಂಡರು, ಅತ್ತರು, ಮರ್ಯಾದೆ ಎಂದರು. ಅವಳು ಫೋನು ಇಡಲಿಲ್ಲ. ಕಡೆಗೆ ಅವರ ದನಿ ಸೋತಿತು.

"ಶಿರಾದೋರಿಗೆ ಬರಬೇಡಿ ಅಂತೀನಿ. ಒಪ್ಕಂಡೆ ಅಂದ್ಕೋಬೇಡ ಕಣಮ್ಮ. ಸಂಕ್ರಾಂತಿ ಕಳೀಲಿ, ಆ ಹುಡುಗನ್ನ ಕರ್ಕಂಡು ಬಾ. ನೋಡಾನ."

ಫೋನು ಇಟ್ಟು ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ಬಂದು ಕೂತ ಅಂತೋಣಿಗೆ ಅಪ್ಪ ಹೇಳಿದ್ದನ್ನು ಹೇಳಿದಳು. ಒಳಗೆ ಆರೋಗ್ಯಮ್ಮ ಮಕ್ಕಳನ್ನು ಗದರಿಸಿ ಹಿಡಿದಿಟ್ಟುಕೊಂಡಿದ್ದು ಕೇಳುತ್ತಿತ್ತು.

"ನಮ್ ಆಗಮನ ಕಾಲ ಮುಗಿಯೋ ಹೊತ್ಗೆ ನಿಮ್ ಧನುರ್ಮಾಸ ಶುರುವಾಯ್ತಲ್ಲ," ಎಂದ ಅವನು. "ಸಂಕ್ರಾಂತಿಗಂಟ ಕಾಯ್ಬೇಕು. ಆಮೇಲೂ ಒಪ್ತಾರೋ ಇಲ್ವೋ. ಭಯ ಆಗ್ತೈತಾ?"

"ಹೂಂ."

"ಕಾಯಕ್ಕಾಗುತ್ತಾ?"

ಅವಳು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಇಷ್ಟು ದಿನ ಒಬ್ಳೇ ಕಾದೆ ಅಂತೋಣಿ. ಈಗ ಜೊತೇಲಿ ನೀವಿದೀರಲ್ಲ."