ಎರಡನೆಯವಳ ಸಂಪಿಗೆ

“ಆ ಗುಂಡಿ ಒಳಕ್ಕೆ ಬದುಕಿರೋರ್ದು ಏನೂ ಬೀಳ್ಬಾರ್ದು ಕಣವ್ವ. ಒಂದು ಕೂದ್ಲೂ ಬೀಳ್ಬಾರ್ದು.”

ಅಣ್ಣಮ್ಮ ಇದನ್ನು ಹೇಳಿದಾಗ ಲಿಖಿತಾ ನಕ್ಕಳು. ಸುಮ್ಮನೆ ಮುಗುಳ್ನಕ್ಕಿದ್ದರೆ ಹೋಗಲಿ ಎನ್ನಬಹುದಿತ್ತು. ಜಡೆಯನ್ನು ಮುಂದಕ್ಕೆಳೆದುಕೊಂಡು, ಹಾಗಾದರೆ ನಾಳೆ ಎಲ್ಲರೂ ಹೆಲ್ಮೆಟ್ ಹಾಕಿಕೊಂಡೇ ಗಿಡ ನೆಡೋಣ್ವಾ ಆಂಟಿ ಎಂದು ಕೇಳಿ, ಗುಂಡಿ ತೋಡುವುದನ್ನು ನೋಡಲು ಬಂದಿದ್ದ ಬಡಾವಣೆಯವರನ್ನೆಲ್ಲ ನಗಿಸಿದಳು.

ಅಣ್ಣಮ್ಮ ಮಾತ್ರ ನಗಲಿಲ್ಲ. ಬಿಳೇಕಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಈ ಬಡಾವಣೆಯ ಅರ್ಧ ಜಮೀನು ಆಕೆಯ ಮಾವನದು. ಈಗ ತನ್ನ ಮೂರಂತಸ್ತಿನ ಬಾಡಿಗೆ ಕಟ್ಟಡದ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈತುಂಬ ಚಿನ್ನದ ಬಳೆ ತೊಟ್ಟು, ಹೋಗಿಬರುವವರನ್ನೆಲ್ಲ ವಿಚಾರಿಸುತ್ತ ಕೂರುತ್ತಾಳೆ. ಪಾರ್ಕಾಗುತ್ತಿದ್ದ ಈ ಮೂಲೆಯಲ್ಲಿ ಹಿಂದೆ ಯಾರೂ ರಾಗಿ ಕೂಡ ಬಿತ್ತುತ್ತಿರಲಿಲ್ಲವಂತೆ. ಸುತ್ತಲ ಹಳ್ಳಿಗಳಲ್ಲಿ ಯಾರಿಗೆ ಮಾಟ ತಗುಲಿದರೂ ಆಕೆಯ ಮಾವ ತೆಗೆಯುತ್ತಿದ್ದರಂತೆ. ತೆಗೆದದ್ದನ್ನು, ಎಂದರೆ ಮೊಳೆ ಹೊಡೆದ ನಿಂಬೆಹಣ್ಣು, ಕೂದಲು ಸುತ್ತಿದ ಗೊಂಬೆ, ಉಟ್ಟ ಸೀರೆಯ ಚೂರು, ಎಲ್ಲವನ್ನೂ ಇಲ್ಲೇ ಹೂಳುತ್ತಿದ್ದರಂತೆ. ಸತ್ತವರ ಹೆಸರಲ್ಲಿ ಗಿಡ ನೆಟ್ಟು ಸತ್ತವರದ್ದನ್ನೇ ಹಾಕಿದರೆ ಈ ಮಣ್ಣಿನ ತಕರಾರಿಲ್ಲ, ಇರುವವರದ್ದು ಬಿದ್ದರೆ ಅವರನ್ನೂ ಸತ್ತವರ ಲೆಕ್ಕಕ್ಕೇ ಹಾಕಿಕೊಳ್ಳುತ್ತದೆ ಎಂದು ಆಕೆ ಬಿಡಿಸಿ ಹೇಳಿದಳು. ಆಮೇಲೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಮನೆಗೆ ಹೋದಳು.

ಲಿಖಿತಾಗೆ ಇಂಥದ್ದರಲ್ಲಿ ನಂಬಿಕೆಯಿರಲಿಲ್ಲ. ದಾವಣಗೆರೆಯಲ್ಲಿ ಮೈಕ್ರೋಬಯಾಲಜಿ ಓದಿ, ಹೋದ ವರ್ಷ ಮದುವೆಯಾಗಿ ಬಂದು, ಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದವಳು. ಅವಳನ್ನು ಕಾಡುತ್ತಿದ್ದದ್ದು ಬೇರೆ. ಅವಳ ಗಂಡ ಕೈಲಾಸನಿಗೆ ಇದು ಎರಡನೆಯ ಮದುವೆ. ಮೊದಲನೆಯವಳು ಶ್ರೀದೇವಿ, ಮೂರು ವರ್ಷದ ಹಿಂದೆ ಜ್ವರದಲ್ಲಿ ತೀರಿಹೋದವಳು. ಆ ಹೆಸರು ಕಿವಿಗೆ ಬಿದ್ದರೆ ಸಾಕು, ಲಿಖಿತಾಳ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು.

ಹೆಸರು ಬೀಳದ ದಿನವಾದರೂ ಯಾವುದಿತ್ತು? ಅತ್ತೆ ಕಮಲಾದೇವಿ ಸಾರಿಗೆ ಉಪ್ಪು ನೋಡುವಾಗ ಶ್ರೀದೇವಿ. ಎದುರುಮನೆಯವರು ರಂಗೋಲಿ ನೋಡುವಾಗ ಶ್ರೀದೇವಿ. ಕೈಲಾಸ ಅಪರೂಪಕ್ಕೆ ಬಾಯಿಬಿಡುವವನು, ಆದರೆ ಅವಳ ಮಾತು ಬಂದಾಗ ಅವನ ದನಿ ತಾನೇ ತಾನಾಗಿ ಇಳಿಯುತ್ತಿತ್ತು. ಅವಳಿಗೆ ಮಳೆ ಇಷ್ಟ ಇತ್ತು, ಅವಳಿಗೆ ಸಂಪಿಗೆ ಅಂದರೆ ಪ್ರಾಣವಾಗಿತ್ತು. ಲಿಖಿತಾಳ ಹತ್ತಿರ ಅವನು ಆಡುತ್ತಿದ್ದದ್ದು ಹಾಲಿನ ಮಾತು, ಕರೆಂಟ್ ಬಿಲ್ಲಿನ ಮಾತು. ಬದುಕಿರುವ ಸವತಿಯಾದರೆ ಜಗಳವಾಡಬಹುದು. ಸತ್ತವಳು ಅಡುಗೆ ಸೀಯಿಸುವುದಿಲ್ಲ, ಮುನಿಸಿಕೊಳ್ಳುವುದಿಲ್ಲ, ದಪ್ಪವಾಗುವುದಿಲ್ಲ. ಇಂಥವಳ ಮುಂದೆ ಗೆಲ್ಲುವುದು ಹೇಗೆ?

ಪಾರ್ಕಿನಲ್ಲಿ ಮನೆಗೊಂದು ಸ್ಮರಣೆಯ ಗಿಡ ಎಂದು ಸಂಘದವರು ತೀರ್ಮಾನಿಸಿದಾಗ ಕೈಲಾಸ ಯಾರನ್ನೂ ಕೇಳದೆ ಕಸಿ ಮಾಡಿದ ಸಂಪಿಗೆ ತಂದ. ಬೇರೆ ಮನೆಯವರು ಗುಂಡಿಗೆ ಹಾಕಲು ತಮ್ಮವರ ಚಿತಾಭಸ್ಮ ಒಂದು ಚಿಟಿಕೆ ಎತ್ತಿಟ್ಟಿದ್ದರು. ಕೈಲಾಸನ ಮನೆಯವರು ಹೂಳುವ ಜನ, ಅವರಲ್ಲಿ ಬೂದಿ ಎಲ್ಲಿಂದ ಬರಬೇಕು? ಅದಕ್ಕೆ ಕಮಲಾದೇವಿ ತೀರಿಹೋದ ಸೊಸೆಯ ಹಸಿರು ಇಳಕಲ್ ಸೀರೆಯಿಂದ ಅಂಗೈಯಗಲ ಕತ್ತರಿಸಿ, ವಿಭೂತಿಯ ಜೊತೆ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದರು. ಉದ್ಘಾಟನೆಯ ದಿನ ಬೆಳಿಗ್ಗೆ ಆ ಗಂಟನ್ನು ತಟ್ಟೆಯಲ್ಲಿಟ್ಟು ಲಿಖಿತಾಳ ಕೈಗೇ ಕೊಟ್ಟರು.

ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಲಿಖಿತಾ ಗಂಟು ಬಿಚ್ಚಿದಳು. ಹಸಿರು ಚೂರನ್ನು ತೆಗೆದಳು. ತಾನು ಉಟ್ಟಿದ್ದ ಹಳದಿ ಸೀರೆಯ ಒಳಸೆರಗಿನಿಂದ ಅಷ್ಟೇ ಅಗಲ ಕತ್ತರಿಸಿ ಅದರೊಳಗಿಟ್ಟು ಮತ್ತೆ ಕಟ್ಟಿದಳು. ಅವಳಿಗೆ ಯಾರ ಕೇಡೂ ಬೇಕಿರಲಿಲ್ಲ. ಇನ್ನು ಮೇಲೆ ಇವನು ದಿನಾ ಬೆಳಿಗ್ಗೆ ಹೋಗಿ ನೀರು ಹಾಕುತ್ತಾನಲ್ಲ, ಆ ನೀರು ತನಗೆ ಬೀಳಲಿ, ಅಷ್ಟೇ. ಅಣ್ಣಮ್ಮನ ಮಾತು ನೆನಪಾಗದೆ ಇರಲಿಲ್ಲ. ನೆನಪಾಗಿ ಇನ್ನೊಮ್ಮೆ ನಗು ಬಂತು. ಹಸಿರು ಚೂರನ್ನು ಕಸಕ್ಕೆ ಹಾಕಿದರೆ ಅತ್ತೆ ನೋಡಿಯಾರು ಎಂದು ತನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ತುರುಕಿದಳು.

ಪಾರ್ಕಿನಲ್ಲಿ ಸಂಘದ ಅಧ್ಯಕ್ಷ ಕರಿಬಸವಯ್ಯನವರು ಮೈಕು ಕೈಗೆ ಸಿಕ್ಕ ಖುಷಿಯಲ್ಲಿ ಉದ್ದಕ್ಕೆ ಮಾತಾಡಿದರು. ರಿಬ್ಬನ್ ಕತ್ತರಿಸಿದ್ದಾಯಿತು, ಎಲ್ಲರಿಗೂ ಕೇಸರಿಬಾತು ಹಂಚಿದ್ದಾಯಿತು. ಕೈಲಾಸ ಮಂಡಿಯೂರಿ ಗಂಟನ್ನು ಗುಂಡಿಯೊಳಗಿಟ್ಟು, ಗಿಡ ನಿಲ್ಲಿಸಿ, ಎರಡೂ ಅಂಗೈಯಲ್ಲಿ ಮಣ್ಣನ್ನು ಮೆಲ್ಲಗೆ ಒತ್ತಿದ. ಅವನ ಕೈಗೆ ಇಷ್ಟು ಮೆತ್ತಗಿರಲು ಬರುತ್ತದೆ ಎಂದು ಲಿಖಿತಾಗೆ ಗೊತ್ತೇ ಇರಲಿಲ್ಲ. ಅದೇ ಹೊತ್ತಿಗೆ ಗುಂಡಿಯೊಳಗಿಂದ ಕೊಳೆತ ನಿಂಬೆಹಣ್ಣಿನ ನಾತ ಗಪ್ಪೆಂದು ಮೂಗಿಗೆ ಹೊಡೆಯಿತು. ಯಾರಾದರೂ ಮೂಗು ಮುಚ್ಚಿಕೊಂಡರೇನೋ ಎಂದು ಸುತ್ತ ನೋಡಿದಳು. ಎಲ್ಲರೂ ಕೇಸರಿಬಾತು ತಿನ್ನುತ್ತಿದ್ದರು.

ಮೊದಲು ಕೆಟ್ಟದ್ದು ಬಾಯಿರುಚಿ. ಏನು ತಿಂದರೂ ನಾಲಿಗೆಯ ಮೇಲೆ ಹಸಿಮಣ್ಣು. ಆಮೇಲೆ ಫೋನು ಅವಳ ಮುಖ ನೋಡಿ ತೆರೆದುಕೊಳ್ಳುವುದನ್ನು ನಿಲ್ಲಿಸಿತು. ನಾಲ್ಕನೇ ಬ್ಲಾಕಿನ ಸೂಪರ್‌ಮಾರ್ಕೆಟ್ಟಿನಲ್ಲಿ ಹತ್ತಿರ ಹೋದರೆ ತಾನೇ ಸರಿಯುವ ಗಾಜಿನ ಬಾಗಿಲು ಅವಳೆದುರು ಸರಿಯಲಿಲ್ಲ. ಹಿಂದಿನಿಂದ ಯಾರೋ ಬಂದಾಗ ಅವರ ಜೊತೆ ನುಸುಳಿದಳು. ಸಂಪಿಗೆ ಮಾತ್ರ ದಿನಕ್ಕೊಂದು ಚಿಗುರು ಒಡೆಯುತ್ತಿತ್ತು. ಪಕ್ಕದ ಹೊಂಗೆ, ನೇರಳೆಗಳು ಇನ್ನೂ ಮೊಣಕಾಲಿಗೆ ಬರುತ್ತಿದ್ದಾಗ ಅದು ಅವಳ ಭುಜ ಮುಟ್ಟಿತ್ತು.

ಒಂದು ಬೆಳಿಗ್ಗೆ ಕೈಲಾಸ ಕಾಫಿ ಕುಡಿಯುತ್ತ ಅಮ್ಮನಿಗೆ ಹೇಳಿದ್ದು ಕಿವಿಗೆ ಬಿತ್ತು.

“ಲಿಖಿತಾಗೆ ಕಾಫಿ ಸ್ಟ್ರಾಂಗ್ ಇರ್ಬೇಕಿತ್ತು, ಅಲ್ವಾಮ್ಮ? ಎಷ್ಟ್ ಚೆನ್ನಾಗಿ ಕುಡಿಯೋಳು.”

ದನಿ ಇಳಿದಿತ್ತು. ಶ್ರೀದೇವಿಯ ಮಾತಿಗೆ ಮಾತ್ರ ಇಳಿಯುತ್ತಿದ್ದ ದನಿ. ಬಾಗಿಲ ಹಿಂದೆ ನಿಂತಿದ್ದ ಲಿಖಿತಾಳ ಮೈ ಜುಮ್ಮೆಂದಿತು. ಕುಡಿಯೋಳು ಎಂದನೇ, ಕುಡೀತಾಳೆ ಎನ್ನಲಿಲ್ಲವೇ ಎಂಬುದು ಆಮೇಲೆ ಹೊಳೆಯಿತು. ಹೆದರುವ ಮೊದಲು ಅವಳಿಗೆ ಸಂತೋಷವಾಗಿತ್ತು. ಹೆದರಿದ ಮೇಲೂ ಆ ಸಂತೋಷ ಪೂರ್ತಿ ಹೋಗಲಿಲ್ಲ.

ದೀಪಾವಳಿ ಕಳೆಯುವ ಹೊತ್ತಿಗೆ ಅತ್ತೆ ಊಟಕ್ಕೆ ತಟ್ಟೆ ಹಾಕುವಾಗ ಒಂದನ್ನು ಮರೆಯತೊಡಗಿದರು. ಲಿಖಿತಾ ಎದುರು ನಿಂತು ಜೋರಾಗಿ ಮಾತಾಡಿದರೆ ತಡವಾಗಿ ತಲೆಯೆತ್ತಿ, ಎಲ್ಲೋ ದೂರದಿಂದ ಕರೆದರೇನೋ ಎಂಬಂತೆ ನೋಡುತ್ತಿದ್ದರು. ಬೀರು ತೆಗೆದರೆ ಹಸಿರು ಚೂರಿನ ಸುತ್ತ ಸಂಪಿಗೆಯ ವಾಸನೆ. ಖಾಲಿ ಕೋಣೆಯಿಂದ ಬಳೆಯ ಸದ್ದು. ಗಂಡನ ಅಂಗಿ ಎಲ್ಲಿ ಎಂದು ಅವಳು ಹುಡುಕುತ್ತಿದ್ದ ಒಂದು ದಿನ ಕೈಲಾಸ ಅವಳ ಪಕ್ಕದಲ್ಲೇ ಹಾದುಹೋಗುತ್ತ, ಯಾರಿಗೋ ಉತ್ತರ ಕೊಡುವವನಂತೆ, ಸರಿ ಶ್ರೀದೇವಿ ಎಂದ. ಮಂಚದ ಮೇಲೆ ಅಂಗಿ ಇತ್ತು. ಮುಟ್ಟಿದಳು. ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ.

ಲ್ಯಾಬಿನಲ್ಲಿ ತನ್ನ ರಕ್ತವನ್ನು ತಾನೇ ತೆಗೆದು, ಹೆಸರು ಬರೆಯದೆ ಒಳಗೆ ಕಳಿಸಿದಳು. ಅವಳು ನಂಬುತ್ತಿದ್ದದ್ದು ಇದೊಂದನ್ನೇ. ಜೊತೆಯಲ್ಲಿ ಕೆಲಸ ಮಾಡುವ ಸುನಿತಾ ಟ್ಯೂಬನ್ನು ಹಿಡಿದುಕೊಂಡೇ ವಾಪಸು ಬಂದಳು. ಇದನ್ನು ಯಾರು ಕಳಿಸಿದ್ದು, ತೆಗೆದು ಎಷ್ಟು ಕಾಲವಾಯಿತು, ಪೂರ್ತಿ ಕೊಳೆತುಹೋಗಿದೆ ಎಂದು ಎಲ್ಲರನ್ನೂ ಕೇಳಿದಳು. ಲಿಖಿತಾಳನ್ನು ಬಿಟ್ಟು ಎಲ್ಲರನ್ನೂ ಕೇಳಿದಳು.

ಅಲ್ಲಿಂದ ಲಿಖಿತಾ ನೇರವಾಗಿ ಅಣ್ಣಮ್ಮನ ಬಳಿ ಓಡಿದಳು. ಆಕೆ ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದಳು. ಮೂಗರಳಿಸಿ ಗಾಳಿಯನ್ನು ಮೂಸಿದಳು.

“ಏನ್ ಹಾಕ್ದೆ ಅದ್ರೊಳಗೆ?”

ಲಿಖಿತಾ ಎಲ್ಲವನ್ನೂ ಹೇಳಿದಳು. ಈ ಮಣ್ಣು ಲೆಕ್ಕ ತಪ್ಪುವುದಿಲ್ಲ, ಲಿಖಿತಾಳನ್ನು ಒಳಗೆಳೆದುಕೊಂಡರೆ ಶ್ರೀದೇವಿಯನ್ನು ಹೊರಗೆ ಬಿಡುತ್ತದೆ ಎಂದಳು ಅಣ್ಣಮ್ಮ. ಮೊದಲ ಹೂ ಅರಳುವ ಮುಂಚೆ ತನ್ನದನ್ನು ಕಿತ್ತು ತೆಗೆಯಬೇಕು, ಅವಳದ್ದನ್ನು ಅಲ್ಲಿಡಬೇಕು, ಇಟ್ಟು ಇದು ನಿನ್ನದು ಎಂದು ಅವಳಿಗೆ ಒಪ್ಪಿಸಬೇಕು. ಹೂ ಅರಳಿದ ಮೇಲೆ ಮಾವನೇ ಎದ್ದು ಬಂದರೂ ಆಗುವುದಿಲ್ಲ.

“ಬಾಯಲ್ ಹೇಳಿದ್ರೆ ಸಾಲ್ದು ಕಣೆ. ಹೊಟ್ಟೇಲೂ ಒಪ್ಕೊಂಡಿರ್ಬೇಕು.”

ಮರುದಿನ ಬೆಳಕು ಹರಿಯುವ ಮುಂಚೆಯೇ ಲಿಖಿತಾ ಪಾರ್ಕಿಗೆ ಹೋದಳು. ಒಂದು ಕೈಯಲ್ಲಿ ಹಸಿರು ಚೂರು, ಇನ್ನೊಂದರಲ್ಲಿ ಹೂಕುಂಡದ ಮಣ್ಣು ಕೆದಕುವ ಸಲಾಕೆ. ಮಂಜು ನೆಲಕ್ಕಂಟಿಕೊಂಡಿತ್ತು. ದೀಪಗಳು ಅವಳು ಹತ್ತಿರ ಬಂದ ಹಾಗೆಲ್ಲ ಮಂಕಾದವು. ಆಚೆ ಮೂಲೆಯಲ್ಲಿ ನಗೆಕೂಟದ ಮುದುಕರು ವ್ಯಾಯಾಮಕ್ಕೆಂದು ಹೋ ಹೋ ಎಂದು ನಗುತ್ತಿದ್ದರು. ಕಾಣುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಸಂಪಿಗೆ ಅವಳಿಗಿಂತ ಎತ್ತರವಾಗಿತ್ತು. ತುದಿಯಲ್ಲಿ ಒಂದೇ ಒಂದು ಮೊಗ್ಗು, ಬಿರಿಯಲು ಸಿದ್ಧವಾಗಿತ್ತು.

ಮಂಡಿಯೂರಿದಳು. ಅಗೆದಳು. ನಿಂಬೆಹಣ್ಣಿನ ನಾತ. ಕೈಗೆ ತುಕ್ಕು ಹಿಡಿದ ಮೊಳೆ ಚುಚ್ಚಿತು. ರಕ್ತ ಬರಲಿಲ್ಲ. ಮತ್ತೆ ಅಗೆದಳು. ಸಿಕ್ಕಿತು. ಬಿಳಿ ಬಟ್ಟೆ ಕರಗಿಹೋಗಿ ಹಳದಿ ಚೂರು ಹಾಗೇ ಇತ್ತು. ಬೇರುಗಳು ಅದನ್ನು ಸುತ್ತಿಕೊಂಡಿದ್ದವು. ಬಟ್ಟೆ ಬೆಚ್ಚಗಿತ್ತು. ಹಿಡಿದೆಳೆದಳು. ಹೊಕ್ಕುಳಲ್ಲಿ ಯಾರೋ ಹಗ್ಗ ಜಗ್ಗಿದಂತಾಯಿತು. ಒಂದು ಬೇರು ಬಿಟ್ಟಿತು. ನಾಲಿಗೆಯ ಮೇಲಿನ ಮಣ್ಣು ಕರಗಿತು. ಇನ್ನೊಂದು ಬೇರು ಬಿಟ್ಟಿತು. ಬೆರಳ ಗಾಯದಲ್ಲಿ ರಕ್ತ ಜಿನುಗಿತು, ಕೆಂಪಗೆ, ಬಿಸಿಯಾಗಿ. ಇನ್ನೊಂದೇ ಒಂದು ಬೇರು.

ಚಪ್ಪಲಿಯ ಸದ್ದಾಯಿತು. ಕೈಲಾಸ ಬಂದಿದ್ದ, ಕೈಯಲ್ಲಿ ನೀರಿನ ಕ್ಯಾನು. ಅಗೆದ ಮಣ್ಣನ್ನು ಅವನು ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಗಿಡದ ಮುಂದೆ ಕೂತು, ಎಲೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ಸವರಿದ.

“ಲಿಖಿತಾ,” ಎಂದ. “ನಾನ್ ನಿದ್ದೇಲಿದೀನಿ ಅನ್ಕೊಂಡು ನೀನು ನನ್ ಕಿವಿ ಮೇಲೆ ಹೊದಿಕೆ ಎಳ್ದು ಹೊದಿಸ್ತಿದ್ದೆ. ಚಳಿ ಆಗ್ಬಾರ್ದು ಅಂತ. ನಂಗೆ ಎಚ್ಚರ ಇರ್ತಿತ್ತು ಕಣೆ. ಒಂದ್ ದಿನಾನೂ ಹೇಳ್ಲಿಲ್ಲ.”

ಅವನು ಅಳುತ್ತಿದ್ದ. ಲಿಖಿತಾಳ ಕೈ ನಿಂತಿತು. ಅವನು ಹೇಳುತ್ತಲೇ ಹೋದ. ಅವಳು ಹಲ್ಲುಜ್ಜುವಾಗ ಗುನುಗುತ್ತಿದ್ದ ಹಾಡು, ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಅವನಿಗಾಗಿ ಕಾಯುವಾಗ ಕಡಲೆಕಾಯಿ ಸುಲಿದು ಒಂದೂ ತಿನ್ನದೆ ಅವನಿಗೆಂದು ಕೂಡಿಡುತ್ತಿದ್ದದ್ದು, ಎಲ್ಲವನ್ನೂ ನೋಡಿದ್ದ. ಒಂದನ್ನೂ ಬಿಡದೆ ನೋಡಿದ್ದ. ಇಷ್ಟು ದಿನ ಇವಳು ಕಾದದ್ದು ಈ ಮಾತಿಗೇ.

ಒಂದು ಸಲ ಎಳೆದರೆ ಸಾಕಿತ್ತು. ಇದು ನಿನ್ನದು ಎಂದರೆ ಸಾಕಿತ್ತು. ಆದರೆ ನಾಳೆ ಇದೇ ಹೊತ್ತಿಗೆ ಇವನು ಇಲ್ಲೇ ಕೂರುತ್ತಾನೆ. ಇದೇ ಎಲೆ ಸವರುತ್ತಾನೆ. ಶ್ರೀದೇವಿ ಎನ್ನುತ್ತಾನೆ. ಅವಳಿಗೆ ಕೊಡುವುದೇ? ಈ ಕಣ್ಣೀರನ್ನೂ ಅವಳಿಗೇ ಕೊಡುವುದೇ? ಹೊಟ್ಟೆಯೊಳಗಿನ ಕೆಂಡ ಧಗ್ಗೆಂದಿತು.

ಲಿಖಿತಾ ಕೈ ಬಿಟ್ಟಳು. ಬೇರುಗಳು ಬಟ್ಟೆಯನ್ನು ಮತ್ತೆ ಸುತ್ತಿಕೊಂಡವು. ಅವಳೇ ಮಣ್ಣೆಳೆದು ಮುಚ್ಚಿದಳು. ಎರಡೂ ಅಂಗೈಯಲ್ಲಿ ಮೆಲ್ಲಗೆ ಒತ್ತಿದಳು. ಕೈಲಾಸ ನೀರು ಹುಯ್ದ. ತಣ್ಣಗೆ ಅವಳ ಮೈಮೇಲೆಲ್ಲ ಇಳಿಯಿತು. ತಲೆಯ ಮೇಲೆ ಮೊಗ್ಗು ಬಿರಿಯಿತು. ನಗೆಕೂಟದ ನಗು ನಿಂತಿತು. ಏಳಬೇಕೆಂದರೆ ಕಾಲು ಎಲ್ಲಿದೆಯೆಂದು ತಿಳಿಯಲಿಲ್ಲ.

ಗೇಟಿನ ಬಳಿ ಒಬ್ಬಳು ಹೆಂಗಸು ನಿಂತಿದ್ದಳು. ಹಸಿರು ಇಳಕಲ್ ಸೀರೆ, ಸೆರಗಿನ ತುದಿಯಲ್ಲಿ ಅಂಗೈಯಗಲದ ತೂತು. ಲಿಖಿತಾಳ ಮುಷ್ಟಿಯಲ್ಲಿದ್ದ ಹಸಿರು ಚೂರು ಈಗ ಇರಲಿಲ್ಲ. ಮುಷ್ಟಿಯೂ ಇರಲಿಲ್ಲ. ಹೆಂಗಸು ಒಂದೆರಡು ಹೆಜ್ಜೆ ಒಳಗೆ ಬರುವಷ್ಟರಲ್ಲಿ ತೂತು ಮುಚ್ಚಿಕೊಂಡಿತು.

“ರೀ, ಎಷ್ಟೊತ್ತು? ಮತ್ತೆ ಪ್ಯಾಂಟೆಲ್ಲಾ ಕೆಸರು ಮಾಡ್ಕೊಂಡಿದೀರ. ಒಗೆಯೋಳು ನಾನಲ್ವಾ?”

“ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ ನೀನು,” ಎಂದು ಕೈಲಾಸ ಸಿಡುಕಿದ. ಕಣ್ಣೊರೆಸಿಕೊಂಡು ಎದ್ದ. ಅವಳು ತಿರುಗಿ ಏನೋ ಅಂದಳು, ಇವನೂ ಬಿಡಲಿಲ್ಲ. ಪ್ಯಾಂಟಿನ ಮಾತು ಮನೆಕೆಲಸಕ್ಕೆ ಹೋಯಿತು, ಮನೆಕೆಲಸದ ಮಾತು ಅತ್ತೆಗೆ ಹೋಯಿತು. ಕಿತ್ತಾಡುತ್ತಲೇ ಇಬ್ಬರೂ ಗೇಟು ದಾಟಿದರು. ರಸ್ತೆಯ ಆಚೆ ಆಟೋ ಬಂದಾಗ ಅವನು ಸಿಟ್ಟಿನಲ್ಲೇ ಅವಳ ರಟ್ಟೆ ಹಿಡಿದು ಪಕ್ಕಕ್ಕೆಳೆದುಕೊಂಡ.

ಲಿಖಿತಾ ಅದನ್ನು ನೋಡುತ್ತಿದ್ದಳು. ಇಷ್ಟು ಹೊತ್ತು ಅವನು ಸುರಿಸಿದ ಕಣ್ಣೀರನ್ನೆಲ್ಲ ವಾಪಸು ಕೊಟ್ಟು ಆ ಒಂದು ಸಿಡುಕು ಮಾತನ್ನು ಇಸಿದುಕೊಳ್ಳಬೇಕೆನಿಸಿತು. ಕೇಳಲು ಬಾಯಿ ತೆರೆದಳು. ಬಾಯಿತುಂಬ ಮಣ್ಣಿತ್ತು.