ಮಾತ್ರೆ ನೋಡಿ ರೋಗ ಬರೆಯಬಾರದು

"ಬಾಯಲ್ಲಿ ಹೇಳಿದ್ರೆ ಸಾಕು. ಕೈ ಕುಲುಕೋದೆಲ್ಲ ನನಗೆ ಹಿಡಿಸಲ್ಲ!"

ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು.

ಹೊಸಬನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಕೆಲಸಕ್ಕೆ ಸೇರಿದ ಮೊದಲ ಬೆಳಗ್ಗೆ, ಎಲ್ಲರ ಕೈ ಕುಲುಕಿ, ನಗುನಗುತ್ತ ಕೊನೆಯ ಮೇಜಿಗೆ ಬಂದಿದ್ದ. ಅಲ್ಲಿ ಹೀಗಾಯಿತು ನೋಡಿ!

"ಓ... ಸರಿ ಬಿಡಿ," ಎಂದು ಕೈಯನ್ನು ಮೆಲ್ಲಗೆ ಜೇಬಿಗಿಳಿಸಿದ. ಕಿವಿ ಕೆಂಪಾಗಿತ್ತು.

'ಏನ್ ಜಂಭಾನಪ್ಪಾ ಈ ಹುಡುಗಿಗೆ!' ಎಂದುಕೊಂಡನೇ? ಎಂದುಕೊಂಡ. ನೀವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ.

ಆದರೆ ಮೇಜಿನ ಕೆಳಗೆ, ಮಡಿಲಿನಲ್ಲಿ, ಅವಳು ತನ್ನ ಎರಡೂ ಕೈಗಳನ್ನು ಬಚ್ಚಿಟ್ಟುಕೊಂಡಿದ್ದು ಅವನಿಗೆ ಕಾಣಿಸಲಿಲ್ಲ. ಆ ಬೆರಳುಗಳು ಊದಿಕೊಂಡು, ಒಣಗಿದ ಕಡ್ಡಿಗಳಂತೆ ಬಿಗಿದುಕೊಂಡಿದ್ದವು. ಯಾರಾದರೂ ಹುಮ್ಮಸ್ಸಿನಿಂದ ಅದುಮಿದರೆ ಜೀವ ಬಾಯಿಗೆ ಬರುತ್ತಿತ್ತು!

ಸಂಧಿವಾತ. ಅಜ್ಜಿಯರಿಗೆ ಬರುವ ಕಾಯಿಲೆ ಎಂದುಕೊಂಡಿರಾ? ಇನ್ನೂ ಮೂವತ್ತು ದಾಟದ ಹುಡುಗಿಗೂ ಬರುತ್ತದೆ. ಬೆಳಗ್ಗೆ ಬೆರಳು ಮಡಚಲು ಬಿಡುವುದಿಲ್ಲ. ಊಟದ ಹೊತ್ತಿಗೆ ಸಡಿಲವಾಗಿ, ಏನೂ ಆಗಿಲ್ಲವೆಂಬಂತೆ ಸುಮ್ಮನಿರುತ್ತದೆ.

ವಿಚಿತ್ರ ನೋಡಿ, ಅವಳ ಕೆಲಸವೂ ಅದರದ್ದೇ! ಆಸ್ಪತ್ರೆಯ ಔಷಧಿ ಅಂಗಡಿಯ ಹಿಂದಿನ ಆ ಕೋಣೆಯಲ್ಲಿ ಕೂತು, ಡಾಕ್ಟರುಗಳು ಬರೆದ ಕಾಯಿಲೆಯನ್ನು ಓದಿ, ಅದಕ್ಕೆ ಗೊತ್ತುಮಾಡಿದ ಕೋಡ್ ಹಾಕುವುದು. ಕೋಡ್ ಸರಿಯಿದ್ದರೆ ರೋಗಿಗೆ ವಿಮೆ ಸಿಗುತ್ತದೆ, ಮುಂದೆ ನೋಡುವ ಡಾಕ್ಟರಿಗೆ ವಿಷಯ ತಿಳಿಯುತ್ತದೆ. ತಪ್ಪಿದರೆ ಎಡಭುಜದ ನೋವು ಬಲಭುಜಕ್ಕೆ ಹೋಗಿ ಕೂರುತ್ತದೆ. ಸಂಧಿವಾತ, ಹಿಡಿದುಕೊಂಡ ಹೆಗಲು, ಊದಿದ ಮಣಿಕಟ್ಟು, ಸ್ನಾಯುಸೆಳೆತ, ಹಿಮ್ಮಡಿ ನೋವು... ಇವೆಲ್ಲ ಅವಳ ಮೇಜಿಗೇ. ಅದಕ್ಕೇ ಎಲ್ಲರೂ ಅವಳನ್ನು 'ಕೀಲು ಮೇಡಂ' ಎನ್ನುತ್ತಿದ್ದರು.

ಕೀಲು ಮೇಡಂಗೇ ಕೀಲು ನೋವೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಕೋಣೆಯ ಮುಖ್ಯಸ್ಥೆ, ಶಾಲೆಯ ಟೀಚರಂತೆ ಎಲ್ಲರನ್ನೂ ಗದರುವ 'ಹೆಡ್‌ಮಿಸ್'ಗೆ.

ಹೊಸಬನನ್ನು ಅವರು ಕೂರಿಸಿದ್ದು ಎಲ್ಲಿ ಹೇಳಿ? ಕೀಲು ಮೇಡಂ ಪಕ್ಕದಲ್ಲೇ!

ಹಾವು ಮುಂಗುಸಿಯನ್ನು ಒಂದೇ ಬುಟ್ಟಿಗೆ ಹಾಕಿದಂತಾಯಿತು.

"ರೀ, ಈ ಹೆಂಗಸಿನ ಫೈಲಿಗೆ ಸಂಧಿವಾತದ ಕೋಡ್ ಯಾಕೆ ಹಾಕಿದೀರಾ?"

"ಮಾತ್ರೆ ನೋಡಿ ಮೇಡಂ! ಆ ಮಾತ್ರೆ ಸಂಧಿವಾತಕ್ಕಲ್ದೆ ಇನ್ಯಾವುದಕ್ಕೆ ಕೊಡ್ತಾರೆ?"

"ಬೇರೆಯದಕ್ಕೂ ಕೊಡ್ತಾರೆ. ಡಾಕ್ಟರು ಏನಂತ ಬರೆದಿದಾರೆ?"

"...ಕೀಲು ನೋವು ಅಂತ."

"ಹಾಗಾದ್ರೆ ಕೀಲು ನೋವು, ಅಷ್ಟೇ. ಮಾತ್ರೆ ನೋಡಿ ರೋಗ ಬರೀಬಾರದು! ಅನುಮಾನ ಬಂದ್ರೆ ಹೋಗಿ ಡಾಕ್ಟರನ್ನ ಕೇಳಿ. ಇಲ್ಲದ ಕಾಯಿಲೇನ ಯಾರದೋ ಹಣೆಗೆ ಅಂಟಿಸಿಬಿಟ್ರೆ ಅದನ್ನ ಕಿತ್ತುಹಾಕೋರು ಯಾರು?"

ಹೊಸಬ ಎದ್ದು ಹೋದ. 'ಹೆಡ್‌ಮಿಸ್ ಹತ್ರ ಚಾಡಿ ಹೇಳೋಕೆ ಹೋದ,' ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಎರಡು ಕಪ್ ಟೀ ಹಿಡಿದು ಬಂದ.

"ಡಾಕ್ಟರನ್ನ ಕೇಳ್ಕೊಂಡು ಬಂದೆ. ಆ ಮಾತ್ರೆ ಚರ್ಮದ ಕಾಯಿಲೆಗೆ ಕೊಟ್ಟಿದ್ದಂತೆ. ನೀವು ಹೇಳಿದ್ದೇ ಸರಿ, ನಂದೇ ತಪ್ಪು. ತಗೊಳ್ಳಿ, ಇದು ದಂಡ!"

ಅವಳಿಗೆ ನಗು ತಡೆಯಲಾಗಲಿಲ್ಲ. 'ನಂದೇ ತಪ್ಪು' ಎಂದು ಇಷ್ಟು ಸಲೀಸಾಗಿ ಹೇಳುವ ಗಂಡಸನ್ನು ಅವಳು ಅದುವರೆಗೆ ನೋಡಿರಲಿಲ್ಲ!

ಅಲ್ಲಿಂದ ಶುರುವಾಯಿತು ನೋಡಿ. ದಿನವೂ ಒಂದು ಜಗಳ, ಜಗಳಕ್ಕೊಂದು ಟೀ. ತಿಂಗಳುಗಳು ಉರುಳಿದರೂ ಅವನ ಹೆಸರು 'ಹೊಸಬ' ಎಂದೇ ಉಳಿಯಿತು. ಅವನು ರಜೆ ಹಾಕಿದ ದಿನ ಅವಳಿಗೆ ಟೀ ಸಪ್ಪೆ. ಜಗಳಕ್ಕೆ ಜನವಿಲ್ಲದೆ ನಾಲಿಗೆ ತುರಿಸುತ್ತಿತ್ತು.

ಒಂದು ಸಂಜೆ ಬಸ್‌ ನಿಲ್ದಾಣದಲ್ಲಿ ಅವನು ಗಂಟಲು ಸರಿಮಾಡಿಕೊಂಡ.

"ಒಂದು ಮಾತು... ಬೈಯಲ್ಲ ಅಂದ್ರೆ ಹೇಳ್ತೀನಿ."

"ಬೈಯೋ ಮಾತಾಗಿದ್ರೆ ಬೈತೀನಿ."

"ಜೀವಮಾನ ಪೂರ್ತಿ ನಿಮ್ಮ ಹತ್ರ ಬೈಸ್ಕೊಂಡಿರೋಣ ಅಂತ ಆಸೆ ಕಣ್ರೀ... ಮನೆಗೆ ಬಂದು ಅಮ್ಮನ ಹತ್ರ ಮಾತಾಡ್ಲಾ?"

ಬಸ್ಸು ಬಂತು, ಜನ ಹತ್ತಿದರು. ಅವಳ ಬಾಯಿಂದ ಬಂದದ್ದು ಒಂದೇ ಮಾತು.

"ನಾಳೆ ಹೇಳ್ತೀನಿ."

ಮನೆಯಲ್ಲಿ ಅಮ್ಮನಿಗೆ ಸಂತೋಷದಲ್ಲಿ ಕೈಕಾಲು ಆಡಲಿಲ್ಲ.

"ಒಪ್ಕೋ ಪುಟ್ಟಿ! ಆದ್ರೆ ಆ ಕೈ ನೋವಿನ ವಿಷಯ ಮಾತ್ರ ಈಗಲೇ ಎತ್ತಬೇಡ. ಮದುವೆ ಆದ್ಮೇಲೆ ಹೇಳಿದ್ರಾಯ್ತು."

"ಅಮ್ಮಾ!"

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಹೇಳು ಅಂತಿರೋದು ಒಂದೇ ಸುಳ್ಳು ಕಣೇ!"

"ಆ ಒಂದೂ ಬೇಡಮ್ಮ. ನಾಳೆ ಮೊದಲು ಅದನ್ನೇ ಹೇಳ್ತೀನಿ. ಆಮೇಲೂ ಬರ್ತೀನಿ ಅಂದ್ರೆ ಬರಲಿ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಭಯಕ್ಕೂ ಕಾರಣವಿತ್ತು. ಹಿಂದೊಮ್ಮೆ ಕೂಡಿಬಂದಿದ್ದ ಸಂಬಂಧ ಈ ಮಾತು ಕೇಳಿಯೇ ಮುರಿದುಬಿದ್ದಿತ್ತು. ಆ ಹುಡುಗ ಹೋದದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ. ಹೋಗುವ ಮುಂಚೆ ಅವಳ ಕೈ ನೋಡಿ "ಅಯ್ಯೋ, ಪಾಪ!" ಅಂದನಲ್ಲ... ಅದು ಮುಳ್ಳಿನಂತೆ ಒಳಗೇ ಮುರಿದುಕೊಂಡಿತ್ತು. ಬಿಟ್ಟು ಹೋಗುವವರನ್ನು ಅವಳು ಸಹಿಸಿಯಾಳು, ಪಾಪ ಎನ್ನುವವರನ್ನಲ್ಲ!

ಮರುದಿನ ಬೇಗನೆ ಬಂದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು.

ಗೋಡೆಯ ಮೇಲಿನ ಪರದೆಯಲ್ಲಿ ಅಂದಿನ ಫೈಲುಗಳ ಹಂಚಿಕೆ ಬಂದಿತ್ತು. ಸುಮ್ಮನೆ ಕಣ್ಣಾಡಿಸಿದಳು... ನಿಂತಲ್ಲೇ ನಿಂತುಬಿಟ್ಟಳು!

ಹೊಸಬನ ಪಾಲಿಗೆ ಬಂದಿದ್ದ ಫೈಲುಗಳಲ್ಲಿ ಒಂದು ಸಂಖ್ಯೆ ಅವಳದ್ದು. ಅವಳದೇ ರೋಗಿ ಸಂಖ್ಯೆ! ಹೋದ ವಾರ ಇದೇ ಆಸ್ಪತ್ರೆಯಲ್ಲಿ ತೋರಿಸಿಕೊಂಡಿದ್ದಳಲ್ಲ, ಆ ಫೈಲು. ಯಾರ ಫೈಲು ಯಾರಿಗೆ ಹೋಗಬೇಕೆಂಬುದು ಕಂಪ್ಯೂಟರಿಗೇನು ಗೊತ್ತು?

ಅವಳು ನೋಡುತ್ತಿದ್ದಂತೆಯೇ, ಕೆಲಸ ಮುಗಿದ ಫೈಲಿನಂತೆ, ಆ ಸಂಖ್ಯೆ ಪರದೆಯಿಂದ ಮಾಯವಾಯಿತು.

'ಮುಗೀತು. ಓದಿಬಿಟ್ಟ...'

ಮೇಜಿಗೆ ಬಂದರೆ, ಕೆಳಗಿನ ಕಪಾಟಿನಲ್ಲಿರುತ್ತಿದ್ದ ಭಾರದ ಫೈಲುಗಳೆಲ್ಲ ಮೇಜಿನ ಮೇಲಿದ್ದವು. ಅವಳ ನೀರಿನ ಬಾಟಲಿಯ ಮುಚ್ಚಳ ಸಡಿಲಿಸಿಟ್ಟಿತ್ತು. ಪಕ್ಕದಲ್ಲಿ ಹೊಸಬ ಹಲ್ಲು ಬಿಟ್ಟುಕೊಂಡು ನಿಂತಿದ್ದ.

"ಗುಡ್ ಮಾರ್ನಿಂಗ್! ಬಾಟಲಿ ತೆಗೆದಿಟ್ಟಿದೀನಿ."

ಅವಳ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಇಲ್ಲದ ಉಪಚಾರ ಇವತ್ತೇ ಯಾಕೆ? ಅಯ್ಯೋ, ಪಾಪ... ಅದೇ ತಾನೇ?

"ಯಾರು ಹೇಳಿದ್ರು ನಿಮಗೆ ತೆಗೆಯೋಕೆ?"

"ಯಾರೂ ಇಲ್ಲ... ನಾನೇ..."

"ನಿಮ್ಮ ಕನಿಕರ ನನಗೆ ಬೇಕಾಗಿಲ್ಲ! ಮನೆಗೆ ಬರೋದೂ ಬೇಡ, ಅಮ್ಮನ ಹತ್ರ ಮಾತಾಡೋದೂ ಬೇಡ. ಇದೇ ನನ್ನ ಉತ್ತರ!"

"ಕನಿಕರಾನಾ? ಏನ್ ಮಾತಾಡ್ತಿದೀರಾ ನೀವು?"

ಅವಳು ತಿರುಗಿಯೂ ನೋಡಲಿಲ್ಲ. ಅವನು ತನ್ನ ಕುರ್ಚಿಗೆ ಹೋದ. ಅಂದು ಟೀ ಬರಲಿಲ್ಲ, ಮರುದಿನವೂ ಬರಲಿಲ್ಲ. ಅವಳ ಬಿಸಿ ಮಾತಿಗೆ ಅವಳದೇ ಬಾಯಿ ಸುಟ್ಟಿತ್ತು. ಆದರೆ ಹಟ! ಅದೊಂದಕ್ಕೆ ಯಾವ ಮಾತ್ರೆಯೂ ಇರಲಿಲ್ಲ.

ಆ ವಾರ ಕಳೆಯುವುದರೊಳಗೆ ಹೆಡ್‌ಮಿಸ್ ಎದುರು ಹೋಗಿ ನಿಂತಳು.

"ನನ್ನನ್ನ ಆಸ್ಪತ್ರೆಯ ಹಳೇ ಕಟ್ಟಡದ ಕೆಲಸಕ್ಕೆ ಹಾಕಿಬಿಡಿ."

"ಯಾಕೆ? ಅಲ್ಲಿ ಜಗಳಕ್ಕೆ ಇನ್ನೂ ಒಳ್ಳೇ ಜನ ಇದಾರಾ?"

"ತಮಾಷೆ ಬೇಡ ಮಿಸ್. ನನ್ನ ಫೈಲ್ ಅವನು ಓದಿದಾನೆ. ಓದಿದೋನ ಪಕ್ಕ ಕೂತ್ಕೊಂಡು ಕೆಲಸ ಮಾಡೋಕೆ ನನಗಾಗಲ್ಲ."

ಹೆಡ್‌ಮಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರು ಹೇಳಿದ್ದು ಓದಿದ ಅಂತ?"

"ನಾನೇ ನೋಡಿದೆ. ಅವನ ಪಟ್ಟಿಯಿಂದ ಫೈಲ್ ಹೋಯ್ತು."

"ಹೋಗಿದ್ದು ನನ್ನ ಹತ್ರ ಕಣೇ! ಮನೆಯೋರ ಫೈಲ್ ತೆಗೀಬಾರದು ಅನ್ನೋ ನಿಯಮ ಇದೆಯಲ್ಲ. ಹೆಸರು ಕಂಡಿದ್ದೇ ತಡ, ಓಡ್ಕೊಂಡು ಬಂದ. ಇದನ್ನ ನಾನು ತೆಗೆಯಲ್ಲ, ನೀವೇ ಮಾಡಿ ಅಂದ. ನಾನೇ ಕೋಡ್ ಹಾಕಿದೆ."

ಅವಳು ಎದುರಿನ ಕುರ್ಚಿ ಎಳೆದು ಕೂತಳು. ಹೆಡ್‌ಮಿಸ್ ನಿಲ್ಲಿಸಲಿಲ್ಲ.

"ಪಕ್ಕದ ಮೇಜಿನೋಳು ಅಷ್ಟೇ ಅಲ್ವೇನಯ್ಯಾ, ಅವಳು ನಿನಗೇನಾಗಬೇಕು ಅಂತ ಕೇಳ್ದೆ. ಏನು ಹೇಳಿದ ಗೊತ್ತಾ? 'ಸದ್ಯಕ್ಕೆ ಏನೂ ಆಗಬೇಕಾಗಿಲ್ಲ ಮಿಸ್. ಆಗಬೇಕು ಅಂತ ನೆನ್ನೆ ತಾನೇ ಕೇಳಿದೀನಿ' ಅಂದ!" ಹೆಡ್‌ಮಿಸ್ ನಕ್ಕುಬಿಟ್ಟರು. ಮರುಕ್ಷಣ ಗದರಿದರು. "ನೀನು ನೋಡಿದ್ರೆ ಗಾಳಿ ಗುದ್ದಿ ಮೈ ನೋಯಿಸ್ಕೊಂಡಿದೀಯಾ. ಹೋಗು, ಹಳೇ ಕಟ್ಟಡವೂ ಇಲ್ಲ, ಹೊಸ ಕಟ್ಟಡವೂ ಇಲ್ಲ!"

ಅಂದು ರಾತ್ರಿ ಮಲಗುವ ಮುಂಚೆ ಅಮ್ಮನಿಗೆ ಇಷ್ಟೇ ಹೇಳಿದಳು.

"ತಪ್ಪು ಮಾಡಿದೀನಮ್ಮ. ನಾಳೆ ಹೋಗಿ ಒಪ್ಕೊಳ್ತೀನಿ."

ಊಟದ ಹೊತ್ತಿಗೆ, ಬೆರಳುಗಳು ಸಡಿಲವಾದ ಮೇಲೆ ಮಾತಾಡಬಹುದಿತ್ತು. ಬೇಡವೆಂದು ನಿರ್ಧರಿಸಿದಳು. 'ನೋಡೋದಾದ್ರೆ ಬೆಳಗಿನ ಕೈಯನ್ನೇ ನೋಡಲಿ!'

ಔಷಧಿ ಅಂಗಡಿ ಇನ್ನೂ ಬಾಗಿಲು ತೆರೆದಿರಲಿಲ್ಲ. ಹೊಸಬ ಟೀ ಯಂತ್ರದ ಮುಂದೆ ಒಬ್ಬನೇ ನಿಂತಿದ್ದ. ಅವಳನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಟೀಗೆ ಬಂದಿಲ್ಲ. ನಿಮ್ಮನ್ನೇ ನೋಡೋಕೆ ಬಂದೆ."

"ಹೇಳಿ ಮೇಡಂ."

"ನನಗೆ ಸಂಧಿವಾತ ಇದೆ. ವಾಸಿಯಾಗಲ್ಲ. ಔಷಧಿಯಲ್ಲಿ ಹತೋಟಿಯಲ್ಲಿದೆ. ಕೆಲವು ದಿನ ಬೆಳಗ್ಗೆ ತಲೆ ಬಾಚ್ಕೊಳ್ಳೋಕೂ ಅಮ್ಮ ಬೇಕು. ಮೊದಲ ದಿನ ಕೈ ಕೊಡದೆ ಇದ್ದದ್ದು ಜಂಭಕ್ಕಲ್ಲ, ನೋವಿಗೆ." ಒಂದೇ ಉಸಿರಿಗೆ ಹೇಳಿದಳು. ತನ್ನೆರಡೂ ಕೈಗಳನ್ನು ಅವನ ಮುಂದೆ ಹಿಡಿದಳು. "ನನ್ನ ಫೈಲ್ ಓದಿ ಕನಿಕರಪಡ್ತಿದೀರಾ ಅಂದ್ಕೊಂಡು ಹಾಗೆಲ್ಲ ಅಂದ್ಬಿಟ್ಟೆ. ನೀವು ಓದಿಲ್ಲ ಅಂತ ನೆನ್ನೆ ಗೊತ್ತಾಯ್ತು. ನಂದೇ ತಪ್ಪು."

ಅವನು ಆ ಊದಿದ ಬೆರಳುಗಳನ್ನೇ ನೋಡುತ್ತ ನಿಂತ. 'ಈಗ ಅಂತಾನೆ... ಪಾಪ ಅಂತಾನೆ...' ಅವಳು ಹಲ್ಲು ಕಚ್ಚಿಕೊಂಡಳು.

"ಅಲ್ಲಾ ರೀ... ಮಾತ್ರೆ ನೋಡಿ ರೋಗ ಬರೀಬಾರದು ಅಂದೋರು ಯಾರು?"

"...ನಾನೇ."

"ಬಾಟಲಿ ಮುಚ್ಚಳ ನೋಡಿ ಕನಿಕರ ಅಂತ ಬರ್ಕೊಂಡೋರು?"

"...ಅದೂ ನಾನೇ."

"ಅನುಮಾನ ಬಂದ್ರೆ ಕೇಳಬೇಕು ತಾನೇ? ಬೆಳಗ್ಗೆ ಹೊತ್ತು ನಿಮ್ಮ ಕೈ ನೋಯುತ್ತೆ ಅಂತ ನನಗೆ ಎಷ್ಟೋ ದಿನದಿಂದ ಗೊತ್ತು. ಪಕ್ಕದಲ್ಲೇ ಕೂತಿರ್ತೀನಲ್ಲ, ಕಣ್ಣಿಲ್ವಾ ನನಗೆ? ಏನು ಕಾಯಿಲೆ ಅಂತ ಗೊತ್ತಿರಲಿಲ್ಲ. ನೀವು ಹೇಳದೆ ನಾನಾಗಿ ಏನೂ ಬರ್ಕೊಳ್ಳಬಾರದು ಅಂತ ಸುಮ್ಮನಿದ್ದೆ."

"ಮತ್ತೆ ಬಾಟಲಿ... ಅವತ್ತೇ ಯಾಕೆ?"

"ಹಿಂದಿನ ಸಂಜೆ ತಾನೇ ಮದುವೆ ಮಾತು ಕೇಳಿದ್ನಲ್ಲ, ಧೈರ್ಯ ಬಂದಿತ್ತು! ಅದಕ್ಕೂ ಮುಂಚೆ ಮುಟ್ಟಿದ್ರೆ ಬಾಟಲೀಲೇ ಹೊಡೀತಿದ್ರಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಕಣ್ಣೊರೆಸಿಕೊಳ್ಳಲು ಬೆರಳು ಮಡಚಲಾಗದೆ ಮುಂಗೈಯಿಂದಲೇ ಒರೆಸಿಕೊಂಡಳು.

"ಸರಿಯಾಗಿ ಯೋಚನೆ ಮಾಡಿ ಹೇಳಿ. ನಮ್ಮಿಬ್ಬರ ಕೆಲಸವೇ ಇದು. ಮುಂದೆ ಏನೇನಾಗಬಹುದು ಅಂತ ನಿಮಗೂ ಗೊತ್ತು."

ಅವನು ಕೈಯಲ್ಲಿದ್ದ ಕಪ್ಪನ್ನು ಯಂತ್ರದ ಮೇಲಿಟ್ಟ.

"ಗೊತ್ತು. ಸುಳ್ಳು ಯಾಕೆ ಹೇಳ್ಲಿ, ಸ್ವಲ್ಪ ಭಯ ಆಗ್ತಿದೆ. ನಿಮ್ಮ ನೋವು ನೋಡ್ಕೊಂಡು ಸುಮ್ಮನಿರೋಕೆ ನನಗೆ ಬರುತ್ತಾ ಅಂತ ಭಯ. ಆದ್ರೆ ಆಸೆ ಮಾತ್ರ ಇದ್ದ ಹಾಗೇ ಇದೆ ಕಣ್ರೀ. ಒಂದು ಚೂರೂ ಕಮ್ಮಿ ಆಗಿಲ್ಲ."

ಪಾಪ ಅನ್ನಲಿಲ್ಲ! ಭಯ ಅಂದ... ಅವಳಿಗೂ ದಿನಾ ಆಗುವ ಭಯವೇ ಅದು. ಒಬ್ಬಳೇ ಹೊತ್ತುಕೊಂಡಿದ್ದ ಆ ಭಯಕ್ಕೆ ಇನ್ನೊಂದು ಹೆಗಲು ಸಿಕ್ಕಿದಂತಾಗಿ ಅವಳ ಎದೆ ಹಗುರಾಯಿತು.

"ಭಾನುವಾರ ಮನೆಗೆ ಬನ್ನಿ. ಅಮ್ಮನಿಗೆ ನಾನೇ ಹೇಳ್ತೀನಿ, ಒಂದೂ ಸುಳ್ಳು ಹೇಳದೆ ಸಂಬಂಧ ಕುದುರಿಸಿದೆ ಅಂತ!"

ಅವನ ಮುಖ ಅರಳಿತು. ಅಭ್ಯಾಸಬಲದಿಂದ ಕೈ ಚಾಚಲು ಹೋದವನು ಅರ್ಧದಲ್ಲೇ ತಡೆದು ನಿಂತ.

"ಇವತ್ತು ಯಾವ ಕೈ ನೋಯ್ತಿದೆ? ಎಡಗೈಯಾ, ಬಲಗೈಯಾ?"

"ಎರಡೂ. ಬಲಗೈ ಜಾಸ್ತಿ."

ಅವನು ಅಂಗೈ ಬಿಡಿಸಿ ಅವಳ ಎಡಗೈ ಬಳಿ ಹಿಡಿದು ಕಾದ. ಅವಳು ಒಂದು ಕ್ಷಣ ನೋಡಿ, ತನ್ನ ಬಲಗೈಯನ್ನು ಅದರ ಮೇಲಿಟ್ಟಳು.

"ಅಯ್ಯೋ, ಇದು ನೋಯೋ ಕೈ ಅಲ್ವಾ?"

"ಹೂಂ. ಅದಕ್ಕೇ ಕೊಟ್ಟಿದ್ದು... ಮೆಲ್ಲಗೆ ಹಿಡ್ಕೊಳ್ಳಿ."