ನಾಲಿಗೆ ಕೆಳಗಿನ ಮಾತ್ರೆ

ಬೀಗ ರಿಪೇರಿಯವನು ಮಂಚದ ಪಕ್ಕ ಬಿದ್ದಿದ್ದ. ಉಸಿರು ನಿಂತು ಒಂದು ಗಂಟೆಯಾಗಿತ್ತು. ಹೊಸ ಅಂಗಿ. ನುಣ್ಣಗೆ ಬೋಳಿಸಿದ ಗಡ್ಡ. ಹೊರದೇಶದಲ್ಲಿ ನರ್ಸ್ ಆಗಿದ್ದ ಹೆಂಡತಿ ಆರು ವರ್ಷದ ಮೇಲೆ ಅಂದು ಬೆಳಿಗ್ಗೆಯಷ್ಟೇ ಬಂದಿದ್ದಳು.

"ಸ್ನಾನ ಮುಗಿಸಿ ಬಂದೆ. ಹೀಗೆ ಬಿದ್ದಿದ್ರು," ಎಂದಳು.

"ಸುಳ್ಳು ಮೇಡಂ!" ಸತ್ತವನ ತಮ್ಮ ಕೂಗಿದ. "ಮಾತ್ರೆ, ಮದ್ದು ಅಂದ್ರೆ ಈ ಮನೇಲಿ ಅತ್ತಿಗೆಗೆ ಬಿಟ್ಟು ಇನ್ಯಾರಿಗೆ ಗೊತ್ತು?"

ಇನ್‌ಸ್ಪೆಕ್ಟರಮ್ಮ ಅಂಗಿಯ ಜೇಬಿಗೆ ಕೈ ಹಾಕಿದರು. ಒಂದು ಕಾಗದದ ಪೊಟ್ಟಣ ಸಿಕ್ಕಿತು. ಒಳಗೆ ಎರಡು ಮಾತ್ರೆಗಳ ಖಾಲಿ ಪಟ್ಟಿ. ಗಂಡಸುತನಕ್ಕೆಂದು ಕೊಡುವ ಮಾತ್ರೆ, ನೂರು ಮಿಲಿಗ್ರಾಂನದು. ಪೊಟ್ಟಣದ ಮೇಲೆ ನೀಲಿ ಶಾಯಿಯ ಬರಹ: 'ಒಂದು ಸಾಲದಿದ್ದರೆ ಇನ್ನೊಂದು.'

"ಅತ್ತಿಗೇನೇ ಬರೆದಿರೋದು!"

* * *

ಇನ್‌ಸ್ಪೆಕ್ಟರಮ್ಮ ಅವಳಿಂದ ಅದೇ ಸಾಲು ಬರೆಸಿದರು. ಅಕ್ಷರ ಬೇರೆ.

ಮಂಚದ ಕೆಳಗೆ ಒಂದು ಪುಟ್ಟ ಶೀಶೆ ಉರುಳಿತ್ತು. ಅದರ ಚೀಟಿಯಲ್ಲಿ ಮೆಡಿಕಲ್ ಶಾಪಿನ ಹೆಸರು, ನೀಲಿ ಶಾಯಿಯಲ್ಲಿ ಒಂದು ಸಾಲು: 'ಎದೆ ನೋವು ಬಂದರೆ ನಾಲಿಗೆ ಕೆಳಗೆ.'

"ಅವರಿಗೆ ಎದೆ ನೋವಿತ್ತಾ?" ಹೆಂಡತಿ ಬೆಚ್ಚಿದಳು. "ದಿನಾ ಫೋನ್ ಮಾಡ್ತಿದ್ರು. ಕಲ್ಲುಗುಂಡಿನ ಹಾಗಿದ್ದೀನಿ ಅಂತಿದ್ರು."

ತಮ್ಮ ತಲೆ ತಗ್ಗಿಸಿದ. "ಹೋದ ವರ್ಷದಿಂದ ಇತ್ತು. ಅತ್ತಿಗೆಗೆ ಹೇಳ್ಬೇಡ ಅಂದಿದ್ದ."

* * *

"ಆ ಪಟ್ಟಿ ನಂದಲ್ಲ ಮೇಡಂ," ಎಂದ ಮೆಡಿಕಲ್ ಶಾಪಿನವನು. "ಡಾಕ್ಟರ್ ಚೀಟಿ ಇಲ್ದೆ ನಾನು ಏನೂ ಕೊಡಲ್ಲ."

"ಈ ಶೀಶೆ?"

"ನಂದೇ. ಡಾಕ್ಟರ್ ಚೀಟಿ ಇತ್ತು."

"ಅದರ ಮೇಲಿನ ಬರಹ?"

"ಅದೂ ನಂದೇ."

ಇನ್‌ಸ್ಪೆಕ್ಟರಮ್ಮ ಪಕ್ಕದಲ್ಲಿ ಪೊಟ್ಟಣ ಇಟ್ಟರು. ಅದೇ ಶಾಯಿ. ಎರಡರಲ್ಲೂ 'ರೆ' ಒಂದೇ ಕಡೆ ವಾಲಿತ್ತು.

"ಎದೆಗೆ ಈ ಮಾತ್ರೆ ತಗೊಳ್ಳೋರು ಇನ್ನೊಂದನ್ನ ಮುಟ್ಟಲೇಬಾರದು. ಎರಡೂ ಸೇರಿದ್ರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತೆ. ಬೇರೆಯವರಿಗೂ ಡಾಕ್ಟರ್ ನೋಡಿಯೇ ಪ್ರಮಾಣ ಹೇಳ್ತಾರೆ, ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ ಅಂತಾರೆ. ನೀನು ನೂರರದ್ದು ಎರಡು ಕೊಟ್ಟೆ. ಅವನು ಎರಡೂ ನುಂಗಿದ. ಎದೆ ಹಿಡೀತು. ನೀನೇ ಬರೆದ ಹಾಗೆ ಶೀಶೆ ತೆಗೆದು ನಾಲಿಗೆ ಕೆಳಗಿಟ್ಕೊಂಡ. ಅವನ ಎದೆನೋವು ಹೆಂಡತಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು."

ಅಂಗಡಿಯವನು ಪೊಟ್ಟಣವನ್ನು ಹಿಂದಕ್ಕೆ ಸರಿಸಿದ. "ಹೆಂಡತಿ ಬರ್ತಿದ್ದಾಳೆ, ಮಾನ ಉಳಿಸು ಅಂತ ಕೈ ಹಿಡ್ಕೊಂಡ ಮೇಡಂ. ಇಲ್ಲ ಅನ್ನೋಕಾಗಲಿಲ್ಲ."

* * *

ಸಂಜೆ ಹೇಳಿಕೆಗೆ ಸಹಿ ಹಾಕಿಯೂ ಸತ್ತವನ ಹೆಂಡತಿ ಏಳಲಿಲ್ಲ.

"ಎಷ್ಟು ಜನ ರೋಗಿಗಳಿಗೆ ಇದನ್ನೇ ಎಚ್ಚರಿಸಿದ್ದೀನಿ ಮೇಡಂ. ಒಂದು ಮಾತು ನನ್ನ ಕೇಳಬಹುದಿತ್ತು." ಸೆರಗಿನಿಂದ ಮುಖ ಒತ್ತಿಕೊಂಡಳು. "ನಾನು ಅದಕ್ಕೆ ಬಂದವಳಲ್ಲ. ಆರು ವರ್ಷ ಬರೀ ಫೋನಲ್ಲಿ ಕೇಳಿದ ದನಿ. ಪಕ್ಕದಲ್ಲಿ ಕೂತು ಕೇಳೋಣ ಅಂತ ಬಂದೆ."